ಕೆರೆ ಮುಚ್ಚಿದ ಬೇಸಿಗೆ

ಆಗಿನ್ನೂ ನಮ್ಮ ಬೀದಿಯ ಮನೆಗಳ ಬಾಗಿಲೆಲ್ಲ ನೀರಿಗೇ ತೆರೆಯುತ್ತಿದ್ದವು. ಬೆಳಗ್ಗೆ ಎದ್ದು ಹೊಸಿಲು ದಾಟಿದರೆ ಕೆರೆ. ಹೊಸಕೋಟೆಯಿಂದ ದೇವನಹಳ್ಳಿಗೆ ಹೋಗುವ ದಾರಿಯಲ್ಲಿ ಒಂದಿಷ್ಟು ಒಳಗೆ ಸರಿದಿದ್ದ ಊರು ನಮ್ಮದು. ಕೆರೆಯ ಏರಿ ಮುಗಿಯುವ ಕಡೆ, ದಿಣ್ಣೆಯ ಮೇಲೆ ಒಂದೇ ಸಾಲಿನಲ್ಲಿ ಬೆಸ್ತರ ಮನೆಗಳು. ಬೆನ್ನಿಗೆ ಯಾರದೋ ದ್ರಾಕ್ಷಿ ತೋಟದ ಮುಳ್ಳುತಂತಿ, ಎದುರಿಗೆ ನೀರು. ಊರೊಳಕ್ಕೆ ಹೋಗಬೇಕಾದರೆ ಏರಿಯ ಮೇಲಿನ ಕಾಲುದಾರಿಯೊಂದೇ.

ನಮ್ಮ ಅಪ್ಪ ಮುನಿಯಪ್ಪ ನಸುಕಿನಲ್ಲಿ ತೆಪ್ಪ ಹಾಕಿಕೊಂಡು ಹೋಗಿ, ನಾವು ಹಲ್ಲುಜ್ಜುವ ಹೊತ್ತಿಗೆ ಬಲೆ ಎತ್ತಿಕೊಂಡು ಬರುತ್ತಿದ್ದ. ಬಿದಿರು ಹೆಣೆದು ಟಾರು ಬಳಿದ ಗುಂಡನೆಯ ತೆಪ್ಪ ಅದು. ಬಿಸಿಲಿಗೆ ಟಾರು ಮೆತ್ತಗಾದರೆ ಅದರ ವಾಸನೆ, ಬಲೆಗೆ ಅಂಟಿದ ಪಾಚಿಯ ವಾಸನೆ, ಅಮ್ಮ ಒಲೆಯ ಮೇಲಿಟ್ಟ ಮೀನು ಸಾರಿಗೆ ಮಾವಿನಕಾಯಿ ಹೋಳು ಬಿದ್ದ ವಾಸನೆ, ಇವು ಮೂರೂ ಸೇರಿದ್ದೇ ನಮಗೆ ಬೇಸಿಗೆ ರಜ. ಮಧ್ಯಾಹ್ನವೆಲ್ಲ ದಡದಲ್ಲಿ ಬಿಲ್ಲೆಗಲ್ಲು ಎಸೆದು ಯಾರ ಕಲ್ಲು ನೀರಿನ ಮೇಲೆ ಹೆಚ್ಚು ಸಲ ಕುಪ್ಪಳಿಸುತ್ತದೆ ಎಂದು ಜಗಳವಾಡುತ್ತಿದ್ದೆವು. ತಲೆಯ ಮೇಲೆ ವಿಮಾನ ಇಳಿಯುವ ಸದ್ದಿಗೆ ಆಟ ನಿಲ್ಲಿಸಿ ಕತ್ತೆತ್ತುವುದನ್ನು ಆಗಲೇ ಬಿಟ್ಟಿದ್ದೆವು, ಅಷ್ಟು ರೂಢಿಯಾಗಿತ್ತು.

ನಾನು ಆರನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಆಚೆ ದಡಕ್ಕೆ ಲಾರಿಗಳು ಬಂದವು. ಕೆಮ್ಮಣ್ಣು, ಒಡೆದ ಇಟ್ಟಿಗೆ, ಕಿತ್ತ ಗಾರೆಯ ಚೂರು ತಂದು ನೀರಿನ ಅಂಚಿಗೆ ಸುರಿಯತೊಡಗಿದವು. ಮೊದಮೊದಲು ನಮಗೆ ಅದೂ ಒಂದು ಆಟವೇ. ಲಾರಿಯ ಹಿಂಭಾಗ ಮೇಲೆದ್ದು ಮಣ್ಣು ಜಾರುವುದನ್ನು ನೋಡಲು ಏರಿಯ ಮೇಲೆ ಸಾಲಾಗಿ ಕೂರುತ್ತಿದ್ದೆವು.

"ರಸ್ತೆ ಮಾಡ್ತಾವ್ರೇನೋ," ಅಂದ ಅಪ್ಪ.

"ನೀರೊಳಗೆ ಯಾವ ರಸ್ತೆಯೋ?" ಅಂದಳು ಅಜ್ಜಿ.

ರಸ್ತೆಯಲ್ಲ, ಅದು ಬಡಾವಣೆ. ಕೆಲವೇ ದಿನಗಳಲ್ಲಿ ನಮ್ಮ ಮನೆಗಳ ಮುಂದೆಯೂ ಕಂಬ ನೆಟ್ಟು, ಉದ್ದಕ್ಕೂ ನೀಲಿ ತಗಡು ಹೊಡೆದರು. ಹೊಸಿಲಿನಿಂದ ನಾಲ್ಕು ಮಾರು ದೂರಕ್ಕೆ ತಗಡು. ಗಾಳಿ ನಿಂತುಹೋಯಿತು. ಮಧ್ಯಾಹ್ನದ ಬಿಸಿಲು ತಗಡಿಗೆ ಬಡಿದು ಮನೆಯೊಳಗೆ ನುಗ್ಗುತ್ತಿತ್ತು. ಹಿಂದೆ ಮುಳ್ಳುತಂತಿ, ಮುಂದೆ ತಗಡು, ನಡುವೆ ನಾವು. ಒಣಗಲು ಹಾಕಿದ ಬಲೆಗಳ ವಾಸನೆ ಹೋಗಲು ದಾರಿಯಿಲ್ಲದೆ ಬೀದಿಯಲ್ಲೇ ಕೊಳೆಯುತ್ತಿತ್ತು. ಅಜ್ಜಿ ಮಾತ್ರ ಮೊದಲಿನಂತೆಯೇ ಬೆಳಗ್ಗೆ ಬಾಗಿಲಲ್ಲಿ ಕುಳಿತು, ತಗಡನ್ನೇ ನೋಡುತ್ತಾ ಎಲೆಯಡಿಕೆ ಜಗಿಯುತ್ತಿದ್ದಳು.

ಅಪ್ಪ ಪಂಚಾಯ್ತಿಗೆ ಹೋದ, ತಾಲ್ಲೂಕು ಕಚೇರಿಗೆ ಹೋದ. ಹೋದಲ್ಲೆಲ್ಲ ನಾಳೆ ಬಾ ಅಂದರು. ಕೊನೆಗೊಂದು ದಿನ ಬಂದವನು ಚಪ್ಪಲಿ ಬಿಚ್ಚದೆ ಜಗಲಿಯ ಮೇಲೆ ಕುಳಿತ.

"ಏನಂದ್ರು?" ಅಮ್ಮ ಕೇಳಿದಳು.

"ಅದು ಕೆರೇನೇ ಅಲ್ವಂತೆ ಕಣೇ. ಯಾರ್ದೋ ಜಮೀನಂತೆ. ಅದ್ರಲ್ಲಿ ನೀರು ನಿಂತಿತ್ತು ಅಷ್ಟೇ ಅಂತೆ."

ಅಜ್ಜಿ ಬಾಯಲ್ಲಿದ್ದುದನ್ನು ಉಗಿದಳು. "ಹಂಗಾದ್ರೆ ನಿಮ್ಮಪ್ಪ ಮುಳುಗಿ ಸತ್ತಿದ್ದು ಯಾರ ಜಮೀನಲ್ಲೋ?"

ಅಪ್ಪ ಚಪ್ಪಲಿ ಬಿಚ್ಚಿಟ್ಟು ಒಳಗೆ ಹೋದ.

ನೀರು ಕಿರಿದಾದಂತೆ ಕೆಂಪಾಯಿತು. ಮೀನುಗಳೆಲ್ಲ ಉಳಿದಷ್ಟು ಜಾಗಕ್ಕೆ ಒತ್ತಿಕೊಂಡು ಬಂದು, ಮೇಲೆ ಬಾಯಿಬಿಟ್ಟು ತೇಲುತ್ತಿದ್ದವು. ಬಲೆಯೇ ಬೇಡ, ತಗಡಿನ ಸಂದಿಯಲ್ಲಿ ನುಸುಳಿ ಹೋದರೆ ಪುಟ್ಟಿಯಲ್ಲಿ ಗೋರಬಹುದಿತ್ತು. ಅಷ್ಟೊಂದು ಮೀನನ್ನು ನಮ್ಮ ಬೀದಿ ಯಾವತ್ತೂ ಕಂಡಿರಲಿಲ್ಲ. ಆದರೂ ಯಾರ ಮುಖದಲ್ಲೂ ನಗುವಿಲ್ಲ. ಅಮ್ಮ ಸಾರು ಮಾಡಿದ ದಿನ ಅಜ್ಜಿ ತಟ್ಟೆ ಸರಿಸಿಬಿಟ್ಟಳು.

"ಉಸ್ರು ಕಟ್ಟಿ ಬಂದಿರೋವು ಕಣೇ ಅವು. ಹಿಡಿದಿದ್ದಲ್ಲ. ನಂಗೆ ಬ್ಯಾಡ."

ಆವತ್ತು ಎಲ್ಲರೂ ಮುದ್ದೆಗೆ ಉಪ್ಪು ಮೆಣಸಿನಕಾಯಿ ನಂಚಿಕೊಂಡು ಉಂಡೆವು.

ಮಾರನೆಯ ಬೆಳಗ್ಗೆ ಅಪ್ಪ ತಗಡೊಂದನ್ನು ಕಿತ್ತು, ತೆಪ್ಪವನ್ನು ತಲೆಯ ಮೇಲೆ ಹೊತ್ತು ಒಳಗೆ ಹೋದ. ಮೀನಿಗೆ ಹೋಗಿದ್ದಾನೆ ಅಂದುಕೊಂಡೆವು. ಬಿಸಿಲೇರಿದರೂ ಬರಲಿಲ್ಲ. ಹೋಗಿ ನೋಡಿದರೆ ಉಳಿದಿದ್ದ ನೀರಿನ ನಟ್ಟನಡುವೆ ತೆಪ್ಪ ನಿಲ್ಲಿಸಿಕೊಂಡು, ಹುಟ್ಟನ್ನು ತೊಡೆಯ ಮೇಲಿಟ್ಟು ಸುಮ್ಮನೆ ಕುಳಿತಿದ್ದಾನೆ. ದಡದಲ್ಲಿ ಮಣ್ಣು ತುಂಬಿದ ಲಾರಿ ಹಿಂದಕ್ಕೆ ತಿರುಗಿ ನಿಂತಿದೆ. ಕೆಲಸ ನೋಡಿಕೊಳ್ಳುತ್ತಿದ್ದ ಮೇಸ್ತ್ರಿ ಕೂಗಾಡುತ್ತಿದ್ದಾನೆ.

"ಸುರೀರಿ, ಹೆದರಿ ಬರ್ತಾನೆ!"

ಲಾರಿಯ ಡ್ರೈವರು ಫಯಾಜ್ ಎಂಬ ಹುಡುಗ, ಹೊಸಕೋಟೆಯವನು. ಅವನು ಇಂಜಿನ್ ಆಫ್ ಮಾಡಿ ಕೆಳಗಿಳಿದ. "ಮನುಷ್ಯ ಕೂತವ್ನೆ ಸಾರ್ ಅಲ್ಲಿ. ನಾನು ಸುರಿಯಲ್ಲ," ಅಂದ. ಆಮೇಲೆ ಅಪ್ಪನ ಕಡೆ ತಿರುಗಿ ಕೈಮುಗಿದ. "ಅಣ್ಣಾ, ಬಂದ್ಬಿಡಣ್ಣಾ. ನಾನು ಸುರೀದಿದ್ರೆ ಇನ್ನೊಬ್ಬ ಸುರೀತಾನೆ. ನನ್ ಕೆಲ್ಸಾನೂ ಹೋಗ್ತದೆ."

ಅಪ್ಪ ಅಲ್ಲಾಡಲಿಲ್ಲ. ಬೀದಿಯವರು ಕರೆದರು, ಅಜ್ಜಿ ಬೈದಳು, ಅಮ್ಮ ಅತ್ತಳು. ಮಧ್ಯಾಹ್ನವಾದಾಗ ಅಮ್ಮ ಕಣ್ಣೊರೆಸಿಕೊಂಡು ಮುದ್ದೆ ಸಾರನ್ನು ಬೋಸಿಯಲ್ಲಿ ಕಟ್ಟಿ ನನ್ನ ತಲೆಯ ಮೇಲಿಟ್ಟಳು.

"ನೀನು ಹೋಗು ಸುಶೀ. ನಿನ್ನನ್ನ ನೀರಲ್ಲಿ ನಿಲ್ಲಿಸ್ಕೊಂಡು ನಿಮ್ಮಪ್ಪ ಕೂತಿರಲ್ಲ."

ನಾನು ನೀರಿಗಿಳಿದೆ. ತಳವೆಲ್ಲ ಹೊಸ ಕೆಸರು. ಸೊಂಟದವರೆಗೆ ನೀರು ಬಂದಾಗ ಅಪ್ಪ ಬೈಯುತ್ತಲೇ ಹುಟ್ಟು ಹಾಕಿಕೊಂಡು ಬಂದು, ರೆಟ್ಟೆ ಹಿಡಿದು ನನ್ನನ್ನು ತೆಪ್ಪದೊಳಕ್ಕೆ ಎಳೆದುಕೊಂಡ. ಮತ್ತೆ ನಡುವಿಗೇ ಹೋದ. ಸುತ್ತ ಬಾಯಿಬಿಡುವ ಮೀನುಗಳು ತೆಪ್ಪಕ್ಕೆ ಬಂದು ಬಂದು ಬಡಿಯುತ್ತಿದ್ದವು. ಅಪ್ಪ ಒಂದು ತುತ್ತು ನುಂಗಿ ಕೈ ತೊಳೆದ.

"ಮನೆಗೋಗಣ ಬಾಪ್ಪ," ಅಂದೆ.

"ಇಲ್ಲಿಂದ ಇಳಿದ್ರೆ ಎಲ್ಲಿಗೆ ಹೋಗ್ಲವ್ವ ನಾನು?"

"ಮನೆಗೆ."

"ಮನೆಗೋಗಿ?"

ಅಪ್ಪ ನನ್ನ ಒದ್ದೆ ಲಂಗದ ಅಂಚನ್ನು ಹಿಂಡುತ್ತಾ ಕುಳಿತ.

ಅಷ್ಟರಲ್ಲಿ ನಮ್ಮ ಮನೆಗಳ ಕಡೆಯಿಂದ ಸದ್ದು ಬಂತು. ಮೇಸ್ತ್ರಿ ಬೇರೆ ಲಾರಿಗಳನ್ನು ಕರೆಸಿದ್ದ. ನಾನು ನಡೆದು ಬಂದಿದ್ದ ದಡದಲ್ಲೇ ಮಣ್ಣು ಬೀಳುತ್ತಿತ್ತು. ಅಮ್ಮ ಎದೆ ಬಡಿದುಕೊಂಡು ಓಡುವುದು ಕಂಡಿತು, ಅವಳ ಕೂಗು ಇಂಜಿನ್ನಿನ ಸದ್ದಿನಲ್ಲಿ ಮುಳುಗಿಹೋಯಿತು. ಅಪ್ಪ ಎದ್ದು ನಿಂತು ನಾಲ್ಕೂ ಕಡೆ ನೋಡಿದ. ನಾನೂ ನೋಡಿದೆ. ಯಾವ ಕಡೆಯೂ ದಡವೆಂಬುದು ಉಳಿದಿರಲಿಲ್ಲ. ಸುತ್ತಲೂ ಸಡಿಲ ಕೆಮ್ಮಣ್ಣಿನ ಗೋಡೆ, ನಡುವೆ ನಾವಿಬ್ಬರು, ಮೀನುಗಳು. ಆ ಕ್ಷಣದಲ್ಲಿ ನನಗೆ ಹುಟ್ಟಿದ ಹೆದರಿಕೆ ನೀರಿನದಲ್ಲ. ಅಪ್ಪನಿಗೂ ದಾರಿ ಗೊತ್ತಿಲ್ಲ ಎಂಬುದು ಅವನ ಮುಖದಲ್ಲಿ ಕಂಡಿತ್ತು, ಅದರದು.

ಅಪ್ಪ ಮಣ್ಣು ತಗ್ಗಿರುವ ಕಡೆ ತೆಪ್ಪ ತಿರುಗಿಸಿದ. ಸ್ವಲ್ಪ ದೂರಕ್ಕೇ ತೆಪ್ಪ ಕೆಸರಿನಲ್ಲಿ ಕೂತುಬಿಟ್ಟಿತು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಇಳಿದ. ಒಂದೊಂದು ಹೆಜ್ಜೆಗೂ ಕೆಳಕ್ಕೆ ಹೋಗುತ್ತಿದ್ದ. ಮೊದಲು ಮೊಣಕಾಲು, ಆಮೇಲೆ ತೊಡೆ. ಸೊಂಟದವರೆಗೆ ಹೂತಾಗ ನಿಂತುಬಿಟ್ಟ. ಕಾಲು ಕೀಳಲು ಹೋದಷ್ಟೂ ಕೆಸರು ಎಳೆಯುತ್ತಿತ್ತು. ಅವನ ತಲೆಗೂದಲನ್ನು ನಾನು ಎರಡೂ ಕೈಯಲ್ಲಿ ಹಿಡಿದಿದ್ದೆ.

"ಅಲ್ಲಾಡ್ಬೇಡ ಮಗಾ," ಅಂದ. ಆಮೇಲೆ ದಡದ ಕಡೆ ಕೂಗಿದ. ಆವತ್ತು ಬೆಳಗ್ಗಿನಿಂದ ಅವನು ಬೇರೆಯವರನ್ನು ಕರೆದದ್ದು ಅದೇ ಮೊದಲು. "ಮಗೂನ ತಗೊಳ್ರಪ್ಪೋ!"

ಫಯಾಜ್ ಲಾರಿಯ ಹಗ್ಗ ತಂದು ಸೊಂಟಕ್ಕೆ ಕಟ್ಟಿಕೊಂಡ. ಬೀದಿಯ ಗಂಡಸರು ಇನ್ನೊಂದು ತುದಿ ಹಿಡಿದರು. ಮಣ್ಣಿನ ಮೇಲೆ ಹೊಟ್ಟೆಯೂರಿ ತೆವಳುತ್ತಾ ಬಂದು ಅವನು ನನ್ನನ್ನು ಎಳೆದುಕೊಂಡ. ಆಮೇಲೆ ಅದೇ ಹಗ್ಗ ಅಪ್ಪನ ಕಂಕುಳಿಗೆ ಹಾಕಿದರು. ಎಲ್ಲರೂ ಸೇರಿ ಎಳೆದಾಗ ಅಪ್ಪ ಹೊರಗೆ ಬಂದ. ಪಂಚೆ ಕೆಸರಿನಲ್ಲೇ ಉಳಿಯಿತು. ಅಮ್ಮ ತನ್ನ ಸೆರಗು ಹರಿದು ಅವನ ಸೊಂಟಕ್ಕೆ ಸುತ್ತಿದಳು. ಬೀದಿಯವರೆಲ್ಲ ಮುಖ ಬೇರೆ ಕಡೆ ತಿರುಗಿಸಿಕೊಂಡು ನಿಂತರು. ಮೇಸ್ತ್ರಿ ಕೂಡ ತಿರುಗಿಕೊಂಡ.

ಮಾರನೆಯ ದಿನ ಅಪ್ಪ ಬಾಗಿಲಿಗೆ ಬರಲಿಲ್ಲ. ತೆಪ್ಪ ಇದ್ದ ಕಡೆಯೇ ಮಣ್ಣು ಸುರಿದರು. ನಾವು ತಗಡಿನ ಈಚೆ ಕುಳಿತು ಸದ್ದು ಕೇಳಿದೆವು. ಬಿದಿರು ಮುರಿದದ್ದು ಕೇಳಿಸಿತು ಎಂದು ಅಜ್ಜಿ ಹೇಳುತ್ತಿದ್ದಳು. ನನಗೆ ಕೇಳಿಸಿದ್ದು ಬರೀ ಲಾರಿ.

ಆಮೇಲೆ ಬೀದಿ ಒಡೆಯಲು ಹೆಚ್ಚು ಕಾಲ ಬೇಕಾಗಲಿಲ್ಲ. ಗುಲಾಬಿ ಬೆಳೆಯುವ ಶೆಡ್ಡುಗಳಲ್ಲಿ ಕೂಲಿಗೆಂದು ಕೆಲವರು ದೊಡ್ಡಬಳ್ಳಾಪುರದ ಕಡೆ ಹೋದರು, ಕೆಲವರು ವಿಮಾನ ನಿಲ್ದಾಣದಲ್ಲಿ ಕಸ ಗುಡಿಸಲು ಸೇರಿದರು. ನಾವು ಹೊಸಕೋಟೆಗೆ ಬಂದೆವು. ಅಜ್ಜಿ ಇಲ್ಲಿನ ಬಾಡಿಗೆ ಮನೆಯಲ್ಲೇ ತೀರಿಕೊಂಡಳು. ನಾನು ಓದಿ, ಈಗ ಒಂದು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಆ ಬಡಾವಣೆಯ ಮಕ್ಕಳೂ ನಮ್ಮ ಶಾಲೆಗೆ ಬರುತ್ತಾರೆ. ಒಳ್ಳೆಯ ಮಕ್ಕಳು. ಮಳೆಗಾಲದಲ್ಲಿ ಮನೆಯ ಗೋಡೆ ತೇವ ಹಿಡಿಯುತ್ತದೆ ಎಂದು ಹೇಳುತ್ತಾರೆ. ಯಾಕೆ ಎಂದು ಅವರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ.

ಕಳೆದುಕೊಂಡದ್ದು ಕೆರೆ ಎಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ನಾನು ಅದನ್ನು ಅಳೆಯುವುದು ಅಪ್ಪನನ್ನು ನೋಡಿ. ನೀರಿನ ಮೇಲೆ ಏಳುವ ಗುಳ್ಳೆ ನೋಡಿ ಕೆಳಗಿರುವ ಮೀನು ಗೆಂಡೆಯೋ ಕೊರವವೋ ಎಂದು ಹೇಳುತ್ತಿದ್ದ ಮನುಷ್ಯ ಅವನು. ಈಗ ಸಂತೆ ಬೀದಿಯ ತಿರುವಿನಲ್ಲಿ ಐಸ್ ಪೆಟ್ಟಿಗೆ ಇಟ್ಟುಕೊಂಡು, ಕರಾವಳಿಯಿಂದ ಲಾರಿಯಲ್ಲಿ ಬರುವ ಮೀನು ಮಾರುತ್ತಾನೆ. ಹೋದ ಭಾನುವಾರ ಊಟ ಕೊಡಲು ಹೋಗಿದ್ದೆ. ಒಬ್ಬಾಕೆ ಪೆಟ್ಟಿಗೆಯೊಳಗೆ ಬೆರಳು ತೋರಿಸಿ, "ಇದು ಯಾವ ಮೀನಣ್ಣ?" ಅಂದಳು.

ಅಪ್ಪ ಅದನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿದ.

"ಲಾರಿಯೋರು ಏನೋ ಹೆಸ್ರು ಹೇಳಿದ್ರಮ್ಮ, ಮರ್ತೋಯ್ತು," ಅಂದ. "ನಾನು ಸಮುದ್ರ ನೋಡ್ದೋನಲ್ಲ."

ಆಕೆ ನಕ್ಕಳು. "ಸಾರಿಗಾಗತ್ತೆ ತಾನೆ?"

"ಆಗತ್ತೆ," ಅಂದ ಅಪ್ಪ, ಮೀನನ್ನು ಹಲಗೆಯ ಮೇಲಿಟ್ಟು ಕತ್ತಿ ಕೈಗೆತ್ತಿಕೊಳ್ಳುತ್ತಾ.