ಮೂಸಬಾರದ ಬ್ರೆಡ್ಡು

ಚಾಮರಾಜಪುರಂನ ವಾಗೀಶನ ಬೇಕರಿಯಲ್ಲಿ ಬ್ರೆಡ್ಡು ಬೇಯಿಸುವ ಚೆಲುವರಾಜುವಿಗೆ ದೈವಭಕ್ತ ಎಂಬ ಹೆಸರು ಬಂದದ್ದು ಐವತ್ತೈದು ದಾಟಿದ ಮೇಲೆ. ಅಲ್ಲಿಯವರೆಗೆ ಅವನು ದೇವರ ತಂಟೆಗೆ ಹೋದವನಲ್ಲ. ಆಷಾಢ ಶುಕ್ರವಾರ ಹೆಂಡತಿ ಪುಟ್ಟತಾಯಮ್ಮನ ಬಲವಂತಕ್ಕೆ ಬೆಟ್ಟ ಹತ್ತುತ್ತಿದ್ದ; ಅವಳು ತೀರಿಕೊಂಡ ಮೇಲೆ ಅದೂ ನಿಂತಿತ್ತು. ಅಂಥವನು ಮೂರು ವರ್ಷದ ಹಿಂದೆ ಒಂದು ಬೆಳಗ್ಗೆ, ಒಲೆಯ ಪಕ್ಕದ ಗೋಡೆಯಲ್ಲಿದ್ದ ಚಾಮುಂಡೇಶ್ವರಿಯ ಪಟ ತೋರಿಸಿ, "ತಾಯಿಗೆ ಎಡೆ ಇಡೋ ಮುಂಚೆ ಯಾರೂ ಹಿಟ್ಟು ಮೂಸ್‌ಬ್ಯಾಡಿ ಕಣ್ರಪ್ಪ, ಪಾಪ ಸುತ್ಕೊಳ್ತದೆ" ಎಂದುಬಿಟ್ಟ.

ಯಾರೂ ಹುಬ್ಬೇರಿಸಲಿಲ್ಲ. ದಿನದ ಮೊದಲ ಬ್ರೆಡ್ಡನ್ನು ಆ ಪಟದ ಮುಂದೆ ಇಡುವ ಪದ್ಧತಿಯನ್ನು ವಾಗೀಶನ ತಂದೆ ಕೃಷ್ಣಸ್ವಾಮಿಯವರು ಬೇಕರಿ ತೆರೆದ ದಿನವೇ ಹಾಕಿಕೊಟ್ಟಿದ್ದರು. ದೇವರಿಗೆ ಮುಡಿಸುವ ಹೂವನ್ನೂ ನೈವೇದ್ಯಕ್ಕೆ ಇಡುವ ತಿಂಡಿಯನ್ನೂ ಮೊದಲೇ ಮೂಸಬಾರದು ಎಂದು ಎಲ್ಲ ಮನೆಯಲ್ಲೂ ಮಕ್ಕಳಿಗೆ ಗದರಿ ಹೇಳುತ್ತಾರೆ. ಚೆಲುವರಾಜು ಅದನ್ನೇ ಸ್ವಲ್ಪ ಹಿಂದಕ್ಕೆ ಎಳೆದು ಹಿಟ್ಟಿನವರೆಗೂ ತಂದಿದ್ದ, ಅಷ್ಟೇ. ಜೊತೆಯಲ್ಲಿ ಕೆಲಸ ಮಾಡುವ ಮನೋಹರ್, "ಅಣ್ಣನಿಗೆ ವಯಸ್ಸಾಯ್ತು, ಭಕ್ತಿ ಬಂದ್ಬುಟ್ಟದೆ" ಎಂದು ನಕ್ಕು ತಾನೂ ಮೂಸುವುದನ್ನು ಬಿಟ್ಟ.

ಭಕ್ತಿಯೂ ಇಲ್ಲ, ಎಂಥದೂ ಇಲ್ಲ. ಚೆಲುವರಾಜುವಿಗೆ ವಾಸನೆಯೇ ತಿಳಿಯುತ್ತಿರಲಿಲ್ಲ.

ಕೊರೊನಾ ಎರಡನೆಯ ಸಲ ಬಂದಾಗ ಹದಿನಾಲ್ಕು ದಿನ ಜ್ವರದಲ್ಲಿ ಮಲಗಿ ಎದ್ದಿದ್ದ. ಜ್ವರ ಹೋಯಿತು, ಕೆಮ್ಮು ಹೋಯಿತು, ನಾಲಿಗೆಗೆ ಉಪ್ಪು ಹುಳಿ ಖಾರ ಹೇಗೋ ಮರಳಿ ಬಂತು. ಮೂಗು ಮಾತ್ರ ಮರಳಲಿಲ್ಲ. ಹಿಂಗಿನ ಡಬ್ಬಿಗೆ ಮೂಗು ತೂರಿಸಿದ, ಕರ್ಪೂರ ಉಜ್ಜಿದ, ನೀಲಗಿರಿ ಎಣ್ಣೆಯ ಹಬೆ ಹಿಡಿದ. ಕಣ್ಣಲ್ಲಿ ನೀರು ಬಂತೇ ಹೊರತು ವಾಸನೆ ಬರಲಿಲ್ಲ. ಡಾಕ್ಟರು ಆರು ತಿಂಗಳಲ್ಲಿ ಬರಬಹುದು ಎಂದರು, ಆಮೇಲೆ ವರ್ಷ ಎಂದರು, ಆಮೇಲೆ ಕೇಳಿದರೆ ಅಭ್ಯಾಸ ಮಾಡಿಕೊಳ್ಳಿ ಎಂದರು.

ಬೇರೆ ಯಾವ ಕೆಲಸದವನಾದರೂ ಊರಿಗೆಲ್ಲ ಹೇಳಿಕೊಂಡು ಮರುಗಿ ಸುಮ್ಮನಾಗುತ್ತಿದ್ದ. ಬ್ರೆಡ್ಡಿನವನು ಯಾರಿಗೆ ಹೇಳಬೇಕು? ಮೂಗು ಸತ್ತ ಬ್ರೆಡ್ಡಿನವನನ್ನು ಒಲೆಯ ಮುಂದೆ ಯಾರು ನಿಲ್ಲಿಸಿಕೊಳ್ಳುತ್ತಾರೆ? ಆ ಒಲೆಮನೆ ಬಿಟ್ಟರೆ ಅವನಿಗೆ ಇದ್ದದ್ದು ಶ್ರೀರಾಂಪುರದ ಒಂದು ಬಾಡಿಗೆ ಕೋಣೆ. ಮಕ್ಕಳಿಲ್ಲ. ಕೋಣೆಯಲ್ಲಿ ಅವನಿಗಾಗಿ ಕಾಯುವುದು ಒಂದು ಚಾಪೆ, ಒಂದು ಸ್ಟೌವು. ಬೇಕರಿಯಲ್ಲಾದರೆ ಬೆಳಗ್ಗೆ ಐದಕ್ಕೆ ನಾದಿಟ್ಟ ಹಿಟ್ಟು ಅವನ ಕೈಗಾಗಿ ಕಾಯುತ್ತಿತ್ತು. ಜಗತ್ತಿನಲ್ಲಿ ತನಗಾಗಿ ಕಾಯುವುದು ಅದೊಂದೇ ಎಂದು ಅವನಿಗೆ ಗೊತ್ತಿತ್ತು. ಅದನ್ನು ಕಳೆದುಕೊಳ್ಳುವ ಧೈರ್ಯ ಅವನಿಗಿರಲಿಲ್ಲ, ಹಾಗಾಗಿ ದೇವರನ್ನು ಅಡ್ಡ ಇಟ್ಟುಕೊಂಡ.

ಪುಟ್ಟತಾಯಮ್ಮ ಬದುಕಿದ್ದರೆ ಈ ಆಟ ಒಂದು ದಿನವೂ ನಡೆಯುತ್ತಿರಲಿಲ್ಲ. ಸಂಜೆ ಅವನು ಬಂದ ಕೂಡಲೇ ಅವಳು ಶರಟು ಕಸಿದುಕೊಂಡು ಮೂಗಿಗೆ ಹಿಡಿಯುತ್ತಿದ್ದಳು. "ಇವತ್ತು ಹಾಲು ಬ್ರೆಡ್ಡು" ಎನ್ನುವಳು. "ಇವತ್ತು ರಸ್ಕು, ಏಲಕ್ಕಿ ಜಾಸ್ತಿ ಹಾಕಿದೀಯ" ಎನ್ನುವಳು. ಖಾರದ ಬನ್ನಿನ ದಿನ ಅವನು ಗೇಟು ತೆಗೆಯುವಾಗಲೇ ಒಳಗಿಂದ ಕೂಗುವಳು. ಅವಳು ಹೋಗಿ ಎಂಟು ವರ್ಷ. ಆಮೇಲೆ ಅವನು ತಾನೇ ಶರಟು ಮೂಸಿ ನೋಡಿ, ಗೋಡೆಗೆ ಹೇಳಿ, ಬಕೆಟ್ಟಿಗೆ ಹಾಕುತ್ತಿದ್ದ. ಜ್ವರ ಬಂದುಹೋದ ಮೇಲೆ ಅದೂ ಇಲ್ಲದಾಯಿತು.

ಅವನಿಗೆ ಕೆಲಸ ಕಲಿಸಿದ್ದು ಲಿಂಗಯ್ಯ ಮೇಸ್ತ್ರಿ. ಹತ್ತೊಂಬತ್ತರ ವಯಸ್ಸಿನಲ್ಲಿ ನಂಜನಗೂಡಿನ ಆಚೆಯ ಹಳ್ಳಿಯಿಂದ ಬಂದು ನಿಂತವನನ್ನು ಲಿಂಗಯ್ಯ ಮೊದಲು ಹಿಟ್ಟು ಮುಟ್ಟಲು ಬಿಡಲಿಲ್ಲ, ಕತೆ ಹೇಳಿದರು. ಯಾವುದೋ ದೂರದೇಶ, ದೊಡ್ಡ ಹೊಳೆಯ ದಂಡೆ, ಅಲ್ಲೊಬ್ಬಳು ಸೋಮಾರಿ ಸೊಸೆ. ರೊಟ್ಟಿಗೆ ಕಲಸಿದ ಹಿಟ್ಟನ್ನು ಮರೆತು ಮಲಗಿಬಿಟ್ಟಳು. ಬೆಳಗ್ಗೆ ನೋಡಿದರೆ ಅದು ನಮ್ಮ ದೋಸೆ ಹಿಟ್ಟಿನ ಹಾಗೆ ಉಬ್ಬಿ ಮಡಕೆಯಿಂದ ಆಚೆ ಬಂದಿದೆ. "ಅತ್ತೆ ಎಸೆಯೋಕೆ ಎತ್ಕೊಂಡ್ಲು. ಎಸೆಯೋ ಮುಂಚೆ ಒಂದ್ಸಾರಿ ಮೂಸಿ ನೋಡಿದ್ಲು. ಆ ಮುದುಕಿ ಮೂಸಿ ನೋಡ್ದೇ ಇದ್ದಿದ್ರೆ ಪ್ರಪಂಚದಲ್ಲಿ ಬ್ರೆಡ್ಡೇ ಇರ್ತಿರಲಿಲ್ಲ ಕಣ್ಲಾ ಚೆಲುವ" ಎನ್ನುತ್ತಿದ್ದರು ಲಿಂಗಯ್ಯ.

ಅಲ್ಲಿಂದ ಅವರ ಕತೆ ಹಡಗು ಹತ್ತುತ್ತಿತ್ತು. ಗೋವಾದಲ್ಲಿ ಇಳಿದ ಪೋರ್ಚುಗೀಸರು ಸೇಂದಿ ಹಾಕಿ ಹಿಟ್ಟು ಹುಳಿ ಬರಿಸಿ ಪಾವ್ ಮಾಡಿದರು. ದಂಡಿನ ಇಂಗ್ಲಿಷರು ತಗಡಿನ ಅಚ್ಚಿಗೆ ತುಂಬಿ ಚೌಕ ಮಾಡಿದರು. ಮೈಸೂರಿನಲ್ಲಿ ಬ್ರೆಡ್ಡು ಮೊದಲು ದೊರೆಗಳ ಟೀ ಮೇಜು ಹತ್ತಿತು, ಆಮೇಲೆ ಆಸ್ಪತ್ರೆಯ ಮಂಚ. ಮಡಿಯ ಮನೆಗಳ ಹೊಸ್ತಿಲು ದಾಟುವುದಕ್ಕೆ ಮಾತ್ರ ಅದಕ್ಕೆ ಬಹಳ ಕಾಲ ಬೇಕಾಯಿತು. ಅದರಲ್ಲಿ ಮೊಟ್ಟೆ ಇರುತ್ತದಂತೆ, ಕಾಲಲ್ಲಿ ತುಳಿದು ನಾದುತ್ತಾರಂತೆ! ಮೊಟ್ಟೆಯಿಲ್ಲದ ಅಯ್ಯಂಗಾರ್ ಬೇಕರಿಗಳು ಬಂದ ಮೇಲೆಯೇ ಅಜ್ಜಿಯರ ಬಾಯಿ ಮುಚ್ಚಿದ್ದು. ಒಳಗೆ ಬಂದ ಬ್ರೆಡ್ಡನ್ನು ನಮ್ಮವರು ಸುಮ್ಮನಿರಲು ಬಿಟ್ಟರೇ? ಈರುಳ್ಳಿ ಹಸಿಮೆಣಸಿನಕಾಯಿ ಸೇರಿಸಿ ಖಾರದ ಬನ್ ಮಾಡಿದರು, ಹೊಟ್ಟೆಗೆ ಕೊಬ್ಬರಿ ಸಕ್ಕರೆ ತುಂಬಿ ದಿಲ್‌ಪಸಂದ್ ಮಾಡಿದರು. ಈಗ ಹೊಸ ಬಡಾವಣೆಗಳವರು ರಾಗಿ ಬ್ರೆಡ್ಡು, ತಾನಾಗಿ ಹುಳಿ ಬಂದ ಹಿಟ್ಟಿನ ಸೋರ್‌ಡೋ ಬ್ರೆಡ್ಡು ಕೇಳಿಕೊಂಡು ಬರುತ್ತಾರೆ. ವಾಗೀಶ ಮೊಬೈಲಿನಲ್ಲಿ ಸೋರ್‌ಡೋ ತೋರಿಸಿದಾಗ ಚೆಲುವರಾಜುವಿಗೆ ನಗು ಬಂದಿತ್ತು. ಅದು ಆ ಸೋಮಾರಿ ಸೊಸೆಯ ಹಿಟ್ಟೇ, ರೇಟು ಮಾತ್ರ ಹೊಸದು.

ಮೂಗಿಲ್ಲದೆ ಮೂರು ವರ್ಷ ಅವನು ಹೇಗೆ ನಡೆಸಿದ ಎಂದರೆ, ಬೆರಳಿನಿಂದ ಮತ್ತು ಕಿವಿಯಿಂದ. ಹೆಬ್ಬೆರಳಲ್ಲಿ ಒತ್ತಿದ ಗುಳಿ ಎಷ್ಟು ಹೊತ್ತಿಗೆ ಮೇಲೆ ಬರುತ್ತದೆ ಎಂದು ಲೆಕ್ಕ ಹಾಕುತ್ತಿದ್ದ. ಬೆಂದ ಬ್ರೆಡ್ಡಿನ ತಳವನ್ನು ಬೆರಳ ಗೆಣ್ಣಿನಿಂದ ತಟ್ಟಿ, ಟೊಳ್ಳು ಸದ್ದು ಬಂದರೆ ಇಳಿಸುತ್ತಿದ್ದ. ಒಂದು ಬ್ರೆಡ್ಡೂ ಸೀಯಲಿಲ್ಲ. ಹಿಂದಿಗಿಂತ ಚೆನ್ನಾಗಿದೆ ಎಂದವರೂ ಉಂಟು. ಆದರೆ ಒಲೆಯ ಬಾಗಿಲು ತೆಗೆದಾಗ ರಸ್ತೆಯಲ್ಲಿ ಹೋಗುವವರೂ ತಿರುಗಿ ನೋಡುವ ಆ ಘಮ ಅವನ ಮುಖಕ್ಕೆ ಬರೀ ಬಿಸಿ ಗಾಳಿಯಾಗಿ ಬಡಿಯುತ್ತಿತ್ತು. ತಾನು ಮಾಡಿದ ಅಡುಗೆಯ ಮನೆಯಲ್ಲಿ ತಾನೇ ಕರೆಯದ ನೆಂಟನಾಗಿ ನಿಂತಂತೆ ಅವನಿಗೆ ಅನ್ನಿಸುತ್ತಿತ್ತು.

ಕಳೆದ ಕಾರ್ತೀಕದಲ್ಲಿ ಒಂದು ಗುರುವಾರ ಅದು ಆಗಿಹೋಯಿತು. ಹಿಟ್ಟು ಉಬ್ಬುವಾಗ ಒಣಗದಂತೆ ಮೇಲೆ ಒದ್ದೆ ಬಟ್ಟೆ ಹೊದಿಸುತ್ತಾರೆ. ಆ ಬಟ್ಟೆ ಅದ್ದುವ ಬಕೆಟ್ಟಿನ ನೀರು ಮೈದಾ ಸೇರಿ ಯಾವಾಗಲೂ ಬೆಳ್ಳಗೆಯೇ ಇರುತ್ತದೆ. ಅಂದು ಅದರ ಪಕ್ಕದಲ್ಲಿ ನೆಲ ಒರೆಸುವಾಕೆ ಇನ್ನೊಂದು ಬಕೆಟ್ಟು ಇಟ್ಟಿದ್ದಳು. ಅದರಲ್ಲೂ ಬೆಳ್ಳನೆಯ ನೀರು. ಬಿಳಿ ಫಿನಾಯಿಲ್ ಬೆರೆಸಿದ್ದು. ಮೂಗಿರುವ ಮಗು ಕೂಡ ಮಾಡದ ತಪ್ಪನ್ನು ಮೂವತ್ತೊಂಬತ್ತು ವರ್ಷ ಸರ್ವೀಸಿನ ಚೆಲುವರಾಜು ಮಾಡಿದ. ಬಟ್ಟೆಯನ್ನು ಅದರಲ್ಲಿ ಅದ್ದಿ, ಹಿಂಡಿ, ಅರವತ್ತು ಬ್ರೆಡ್ಡಿನ ಹಿಟ್ಟಿಗೆ ಮಗುವಿಗೆ ಹೊದಿಸಿದಂತೆ ಹೊದಿಸಿದ.

ಮನೋಹರನ ಮೂಗಿಗೆ ಫಿನಾಯಿಲ್ ಬಡಿಯದೆ ಇರಲಿಲ್ಲ. ನೆಲ ಆಗತಾನೆ ಒರೆಸಿದ್ದಾರಲ್ಲ ಎಂದುಕೊಂಡ. ಹಿಟ್ಟಿನ ಹತ್ತಿರ ಬಗ್ಗಿ ಮೂಸಿದ್ದರೆ ತಿಳಿಯುತ್ತಿತ್ತು. ಅಣ್ಣ ಮೂಸಬೇಡಿ ಅಂದಿದ್ದಾನೆ, ಅವನು ಮೂಸಲಿಲ್ಲ. ಬಿಸಿ ಬ್ರೆಡ್ಡು ಪಟದ ಮುಂದೆ ಕೂತಿತು. ಪಾಪ, ಆ ತಾಯಿ ಏನೆಂದುಕೊಂಡಳೋ. ನೈವೇದ್ಯದ ಬ್ರೆಡ್ಡನ್ನು ಎಲ್ಲರೂ ಹಂಚಿಕೊಳ್ಳುವುದು ಹತ್ತು ಗಂಟೆಯ ಕಾಫಿಗೆ. ಅಷ್ಟರಲ್ಲಿ ಒಂಬತ್ತಕ್ಕೇ ರಮಾಮಣಿಯವರು ಬೆಳಗ್ಗೆ ಒಯ್ದ ಬ್ರೆಡ್ಡು ಹಿಡಿದು ತಿರುಗಿ ಬಂದರು.

ರಮಾಮಣಿಯವರು ಪಕ್ಕದ ಬೀದಿಯವರು. ಅವರ ತಾತ ಅರಮನೆಯ ಪುಸ್ತಕ ಭಂಡಾರದಲ್ಲಿದ್ದರು. ಇವರು ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳಿಕೊಟ್ಟು ನಿವೃತ್ತರಾದವರು, ಮದುವೆಯಾದವರಲ್ಲ. ಚಿಕ್ಕಂದಿನಲ್ಲಿ ಜ್ವರ ಬಂದಾಗ ಮಾತ್ರ ಅವರ ಮನೆಗೆ ಬ್ರೆಡ್ಡು ಬರುತ್ತಿತ್ತು, ಅದೂ ಹಿತ್ತಲ ಮೆಟ್ಟಿಲ ಮೇಲೆ ಕೂತು ಕಾಗದದಲ್ಲಿಟ್ಟುಕೊಂಡು ತಿನ್ನಬೇಕಿತ್ತು. "ಜ್ವರ ಬರಲಿ ಅಂತ ಕಾಯ್ತಿದ್ದೆ ಕಣ್ರೀ" ಎಂದು ಒಮ್ಮೆ ಚೆಲುವರಾಜುವಿಗೆ ಹೇಳಿದ್ದರು. ಈಗ ಒಬ್ಬರಿಗೇ ಎಂದು ಸಾರು ಪಲ್ಯ ಯಾರು ಮಾಡುತ್ತಾರೆ ಎಂದು ವಾರಕ್ಕೆರಡು ಸಲ ಬ್ರೆಡ್ಡು ಒಯ್ಯುತ್ತಿದ್ದರು.

ಕೌಂಟರಿನಲ್ಲಿದ್ದ ವಾಗೀಶನ ಮೇಲೆ ಅವರು ಜೋರು ಮಾಡಲಿಲ್ಲ. "ಚೆಲುವರಾಜು ಅವರನ್ನ ಸ್ವಲ್ಪ ಕರೀಪ್ಪ" ಎಂದರು. ಅವನು ಕೈ ಒರೆಸಿಕೊಳ್ಳುತ್ತ ಬಂದ. ರಮಾಮಣಿಯವರು ಬ್ರೆಡ್ಡು ಮುರಿದು ಅವನ ಮುಂದೆ ಹಿಡಿದರು.

"ನೈವೇದ್ಯ ಆಗಿದೆಯಲ್ಲ, ಈಗ ಮೂಸಬಹುದು ಅಲ್ವೇ? ಮೂಸಿ ನೋಡಿ."

ಚೆಲುವರಾಜು ಅದನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದ. ಮೂರು ವರ್ಷದಲ್ಲಿ ಚೆನ್ನಾಗಿ ಕಲಿತುಕೊಂಡಿದ್ದ.

"ಘಮಘಮ ಅಂತದೆ ಅಮ್ಮಾರೇ."

ವಾಗೀಶ ಅವನ ಕೈಯಿಂದ ಬ್ರೆಡ್ಡು ಕಿತ್ತುಕೊಂಡು ಮೂಸಿದ, ಮುಖ ಹಿಂಡಿದ, ಮತ್ತೆ ಚೆಲುವರಾಜುವಿನ ಮುಖ ನೋಡಿದ. ರಮಾಮಣಿಯವರು ಮೆಲ್ಲಗೆ, "ಎಷ್ಟು ದಿನ ಆಯ್ತು ಹೀಗಾಗಿ?" ಎಂದು ಕೇಳಿದರು. ಆ ಪ್ರಶ್ನೆ ಬೈಗುಳವಾಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅದರಲ್ಲಿ ಕರುಣೆಯಿತ್ತು; ಅವನು ಮುಖ ಮುಚ್ಚಿಕೊಂಡು ಮೈದಾ ಮೂಟೆಯ ಮೇಲೆ ಕುಸಿದು ಅತ್ತುಬಿಟ್ಟ.

ಅಂಗಡಿಗಳಿಗೆ ಹೋದ ಬ್ರೆಡ್ಡನ್ನೆಲ್ಲ ಮನೋಹರ್ ಸ್ಕೂಟರಿನಲ್ಲಿ ಸುತ್ತಿ ವಾಪಸು ತಂದ. ಯಾರೂ ತಿಂದಿರಲಿಲ್ಲ, ಪುಣ್ಯ. ಮಧ್ಯಾಹ್ನ ವಾಗೀಶ ಚೆಲುವರಾಜುವಿನ ಪಕ್ಕದಲ್ಲಿ ಬಂದು ಕೂತ. ಅವನು ಕೆಟ್ಟವನಲ್ಲ, ಚೆಲುವರಾಜು ಕೊಟ್ಟ ಬನ್ನು ತಿಂದೇ ಬೆಳೆದವನು.

"ಫಿನಾಯಿಲ್ ಹೋಗ್ಲಿ ಬಿಡಿ ಚೆಲುವಣ್ಣ. ಬೆಳಗ್ಗೆ ನೀವೊಬ್ರೇ ಬಂದು ಒಲೆ ಹಚ್ತೀರ. ಗ್ಯಾಸ್ ಲೀಕ್ ಆದ್ರೆ ನಿಮಗೆ ಗೊತ್ತಾಗಲ್ವಲ್ಲ. ಮೂರು ವರ್ಷ ಹೀಗೇ ಹಚ್ಚಿದೀರಾ ಅಂತ ನೆನೆಸ್ಕೊಂಡ್ರೆ ಭಯ ಆಗುತ್ತೆ ನನಗೆ. ನಾಳೆಯಿಂದ ಕೌಂಟರ್‌ನಲ್ಲಿ ಕೂತ್ಕೊಳ್ಳಿ."

"ಒಲೆ ಮನೋಹರ ಹಚ್ಚಲಿ ಸ್ವಾಮಿ. ಹಿಟ್ಟಾದ್ರೂ ಮುಟ್ತೀನಿ."

"ಬೇಡ ಅಣ್ಣ. ನನಗೆ ಧೈರ್ಯ ಇಲ್ಲ."

ಧೈರ್ಯ ಇಲ್ಲ ಎಂದವನ ಹತ್ತಿರ ವಾದ ಮಾಡುವುದು ಹೇಗೆ? ತನಗೂ ಅದೇ ಇರಲಿಲ್ಲವಲ್ಲ. ಮೊದಲ ದಿನವೇ ಹೇಳಿದ್ದರೆ ಮನೋಹರನ ಮೂಗು, ತನ್ನ ಕೈ, ಎರಡೂ ಸೇರಿ ಹೇಗೋ ನಡೆಯುತ್ತಿತ್ತೋ ಏನೋ. ತನಗಿಲ್ಲದ್ದನ್ನು ಮುಚ್ಚಿಡಲು ಹೋಗಿ ಇದ್ದವರ ಮೂಗಿಗೂ ಬಟ್ಟೆ ಕಟ್ಟಿದೆನಲ್ಲ ಎಂಬ ನಾಚಿಕೆ ಅವನನ್ನು ಬಹಳ ದಿನ ಬಿಡಲಿಲ್ಲ.

ಕೌಂಟರು ಇರುವುದು ರಸ್ತೆಯ ಕಡೆ, ಒಲೆಮನೆ ಹಿಂದೆ, ನಡುವೆ ಉಗ್ರಾಣ. ಚೆಲುವರಾಜು ದಿನವಿಡೀ ಗಾಜಿನ ಕಪಾಟಿನ ಹಿಂದೆ ಕೂತು ಬ್ರೆಡ್ಡು ಕಾಗದಕ್ಕೆ ಸುತ್ತಿ ಕೊಡತೊಡಗಿದ. ಬೆಳಗ್ಗೆ ಐದಕ್ಕೆ ಹಿಟ್ಟು ಮನೋಹರನಿಗೆ ಕಾಯುತ್ತಿತ್ತು. ಇವನಿಗೆ ಎಚ್ಚರವಂತೂ ನಾಲ್ಕಕ್ಕೇ ಆಗುತ್ತಿತ್ತು, ಹಾಗೇ ಚಾಪೆಯ ಮೇಲೆ ಕೂತಿರುತ್ತಿದ್ದ. ರಮಾಮಣಿಯವರು ಬಂದಾಗ ಎರಡು ಮಾತು ಸಿಗುತ್ತಿತ್ತು. ಒಮ್ಮೆ ಗಿರಾಕಿಗಳಿಲ್ಲದಾಗ ಪುಟ್ಟತಾಯಮ್ಮ ಶರಟು ಮೂಸಿ ಅಂದಿನ ಬ್ರೆಡ್ಡು ಯಾವುದೆಂದು ಹೇಳುತ್ತಿದ್ದದ್ದನ್ನು ಅವರಿಗೆ ಹೇಳಿದ್ದ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಿದ್ದರು.

ಒಂದು ತಿಂಗಳಾಗಿರಬೇಕು. ಬೆಳಗಿನ ಜಾವ ಚಾಪೆಯ ಮೇಲೆ ಕೂತವನಿಗೆ ಒಂದು ಯೋಚನೆ ಬಂತು. ತಾನೀಗ ಒಲೆಯ ಹತ್ತಿರ ಹೋಗುವುದಿಲ್ಲ. ಮೈಯಲ್ಲಿದ್ದ ಬ್ರೆಡ್ಡಿನ ವಾಸನೆ ಹೋಗಿರಬಹುದು, ಹೋಗಿದ್ದರೂ ತನಗೆ ಗೊತ್ತಾಗುವುದಿಲ್ಲ. ಪುಟ್ಟತಾಯಿ ಕತ್ತಲಲ್ಲೂ ಗುರುತು ಹಿಡಿಯುತ್ತಿದ್ದ ಗಂಡ ತಾನು ಈಗ ಹೌದೋ ಅಲ್ಲವೋ! ಅವಳು ಸತ್ತ ದಿನವೂ ಅವನಿಗೆ ಇಷ್ಟು ಒಂಟಿತನ ಅನ್ನಿಸಿರಲಿಲ್ಲ.

ಅಂದು ರಮಾಮಣಿಯವರು ಬಂದಾಗ ಬ್ರೆಡ್ಡು ಸುತ್ತಿಕೊಟ್ಟು, ಅತ್ತಿತ್ತ ನೋಡಿ, ತಗ್ಗಿದ ದನಿಯಲ್ಲಿ ಕೇಳಿದ. "ತಪ್ಪು ತಿಳ್ಕೋಬ್ಯಾಡಿ ಅಮ್ಮಾರೇ. ನನ್ ಹತ್ರ ಇನ್ನೂ ಬ್ರೆಡ್ಡಿನ ವಾಸ್ನೆ ಬರ್ತದಾ?"

ಮಡಿಯ ಮನೆಯಲ್ಲಿ ಹುಟ್ಟಿ ಬೆಳೆದ ಆ ಹೆಂಗಸು ಒಂದು ಕ್ಷಣ ಅವನನ್ನು ನೋಡಿದರು. ಆಮೇಲೆ ಕಪಾಟಿನ ಮೇಲೆ ಕೈಯೂರಿ ಸ್ವಲ್ಪ ಬಗ್ಗಿ, ನಿಧಾನವಾಗಿ ಉಸಿರೆಳೆದುಕೊಂಡರು.

"ಘಮಘಮ ಅಂತಿದೆ ಕಣ್ರೀ. ಇವತ್ತು ಖಾರದ ಬನ್ ಅಲ್ವೇ?" ಎಂದು ಹೇಳಿ, ಬ್ರೆಡ್ಡು ಚೀಲಕ್ಕೆ ಹಾಕಿಕೊಂಡು, ತಿರುಗಿ ನೋಡದೆ ಮೆಟ್ಟಿಲಿಳಿದು ಹೋದರು.

ಚೆಲುವರಾಜುವಿನ ಎದೆ ತುಂಬಿ ಬಂತು. ತುಂಬಿದ ಎದೆಯ ಮೇಲೆ ಕೈಯಿಟ್ಟುಕೊಂಡಾಗ ಬೆರಳಿಗೆ ಏನೋ ಚುಚ್ಚಿತು. ಗುಂಡುಸೂಜಿ. ಕೌಂಟರಿನಲ್ಲಿ ಕೂರುವವರಿಗೆಂದು ವಾಗೀಶ ತಂದುಕೊಟ್ಟ ಶರಟು ಅದು, ಅರ್ಧ ಗಂಟೆಯ ಹಿಂದೆ ಡಬ್ಬದಿಂದ ತೆಗೆದು ಹಾಕಿಕೊಂಡದ್ದು. ಒಲೆಯ ಮುಖವನ್ನೇ ಅದು ಕಂಡಿರಲಿಲ್ಲ. ಅಂದು ಖಾರದ ಬನ್ನೂ ಹಾಕಿರಲಿಲ್ಲ.

ಸಂಜೆ ಶ್ರೀರಾಂಪುರದ ಕೋಣೆಗೆ ಬಂದವನು ಶರಟು ಬಿಚ್ಚಿದ. ಬಕೆಟ್ಟಿಗೆ ಹಾಕಲಿಲ್ಲ. ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ, ಮಡಿಕೆ ಸರಿಮಾಡಿ, "ಇವತ್ತು ಖಾರದ ಬನ್ನಂತೆ ಕಣೇ" ಎಂದು ಗಟ್ಟಿಯಾಗಿ ಹೇಳಿದ.