ನೋಟ್‌ಬುಕ್ಕಿನಲ್ಲಿ ಇಲ್ಲದ ಟೀ

ಕಳೆದ ವಾರ ವೈಟ್‌ಫೀಲ್ಡಿನ ನಮ್ಮ ಆಫೀಸಿನ ಎದುರಿಗೆ ಹೊಸದಾಗಿ ಬಂದ ಟೀ ಅಂಗಡಿಯಿಂದ ಜಜ್ಜಿದ ಶುಂಠಿಯ ವಾಸನೆ ತೇಲಿ ಬಂತು. ಶುಂಠಿ ಎಂದರೆ ನಿಮಗೆ ನೆಗಡಿ ನೆನಪಾಗಬಹುದು. ನನಗೆ ನೆನಪಾಗುವುದು ಒಂದು ಜಾವಾ ಪ್ರಾಜೆಕ್ಟು, ಮತ್ತು ಕೊಟ್ರೇಶ್ ಸರ್.

ಆಗ ನಾನು ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದೆ. ಅತ್ತಿಬೆಲೆ ಕಡೆಯ ಗೋದಾಮುಗಳಲ್ಲಿ ಯಾವ ಲಾರಿಗೆ ಯಾವ ಸರಕು ಎಂದು ಹೇಳುವ ಸಾಫ್ಟ್‌ವೇರ್ ನಮ್ಮದು. ನಾವು ಹತ್ತು ಮಂದಿ ವಾರವಿಡೀ ಬರೆದ ಕೋಡನ್ನು ಒಟ್ಟುಗೂಡಿಸಿ, ಗುರುವಾರ ಮಧ್ಯಾಹ್ನ ಲಾರಿಯವರು ಊಟಕ್ಕೆ ಕೂತ ಹೊತ್ತಿನಲ್ಲಿ, ಹಳೆಯದನ್ನು ನಿಲ್ಲಿಸಿ ಹೊಸದನ್ನು ಸರ್ವರ್‌ಗೆ ಏರಿಸಬೇಕು. ಬಿಲ್ಡು, ಡಿಪ್ಲಾಯ್‌ಮೆಂಟು ಎಂದು ನಾವು ದೊಡ್ಡದಾಗಿ ಹೇಳಿಕೊಳ್ಳುವುದು ಇಷ್ಟನ್ನೇ. ಎಂಟು ವರ್ಷಗಳಿಂದ ಅದನ್ನು ಕೈಯಾರೆ ಮಾಡುತ್ತಿದ್ದವರು ಹರಿಹರದ ಕೊಟ್ರೇಶ್ ಸರ್. ಹಣೆಯಲ್ಲಿ ವಿಭೂತಿ, ಮೇಜಿನ ಮೇಲೆ ರಟ್ಟು ಹಾಕಿದ ನೋಟ್‌ಬುಕ್ಕು, ಅದರಲ್ಲಿ ಮುತ್ತಿನಂಥ ಅಕ್ಷರದಲ್ಲಿ ಮೂವತ್ತೊಂದು ಹೆಜ್ಜೆಗಳು. ಒಮ್ಮೆ ಅವರಿಗೆ ಜ್ವರ ಬಂದಾಗ ಬೇರೊಬ್ಬರು ಅದೇ ನೋಟ್‌ಬುಕ್ಕು ನೋಡಿಕೊಂಡು ಮಾಡಿದ್ದರು. ಹೊಸದು ಏಳಲೇ ಇಲ್ಲ. ಸಂಜೆಯ ತನಕ ಲಾರಿಗಳು ಹೆದ್ದಾರಿವರೆಗೂ ಸಾಲುಗಟ್ಟಿ ನಿಂತವು. ಅಂದಿನಿಂದ ಅವರ ಕೈಗುಣದ ಮೇಲೆ ಇಡೀ ಆಫೀಸಿಗೆ ಭಕ್ತಿ.

ಭಕ್ತಿಯ ಕಷ್ಟ ಏನೆಂದರೆ, ದೇವರಿಗೆ ರಜೆ ಸಿಗುವುದಿಲ್ಲ. ಮಗಳ ನಿಶ್ಚಿತಾರ್ಥ ಗುರುವಾರ ಬಿದ್ದಾಗ ಅವರು ಅದನ್ನು ಫೋನಿನಲ್ಲೇ ನೋಡಿದ್ದರು. ಈಗ ಅದೇ ಮಗಳ ಸೀಮಂತ, ಅದೂ ಗುರುವಾರವೇ. “ಈ ಸಲಾನೂ ಬರ್ಲಿಲ್ಲ ಅಂದ್ರೆ ಮಾತಾಡ್ಸಲ್ಲ ಅಂದಾಳಮ್ಮ,” ಎಂದರು ನನ್ನ ಹತ್ತಿರ, ಊಟದ ಡಬ್ಬಿ ಮುಚ್ಚುತ್ತಾ.

ನನಗೆ ಉತ್ಸಾಹ ಜಾಸ್ತಿ, ಅನುಭವ ಕಡಿಮೆ. “ಎಲ್ಲಾನೂ ಸ್ಕ್ರಿಪ್ಟ್ ಬರ್ದು ಆಟೋಮೇಟ್ ಮಾಡ್ಬಿಡ್ತೀನಿ ಸರ್. ಒಂದು ಬಟನ್ ಒತ್ತಿದ್ರೆ ಆಯ್ತು. ನೀವು ಆರಾಮಾಗಿ ಹೋಗ್ಬನ್ನಿ,” ಎಂದುಬಿಟ್ಟೆ. ಅವರು ನಂಬಿ ರೈಲಿನ ಟಿಕೆಟ್ಟನ್ನೂ ಮಾಡಿಸಿದರು.

ಹೇಳಬಾರದಿತ್ತು. ಮೂವತ್ತೊಂದು ಹೆಜ್ಜೆಗಳನ್ನೂ ಒಂದಕ್ಷರ ಬಿಡದೆ ಕಂಪ್ಯೂಟರಿಗೆ ಕಲಿಸಿದೆ. ಪರೀಕ್ಷೆಗೆಂದೇ ಇಟ್ಟಿದ್ದ ಸರ್ವರ್ ಮೇಲೆ ಓಡಿಸಿದರೆ ಇಪ್ಪತ್ತೆರಡನೆಯದರಲ್ಲಿ ಮಕಾಡೆ ಮಲಗಿತು. ಐದು ಸಲ ಓಡಿಸಿದೆ, ಐದು ಸಲವೂ ಮಲಗಿತು. ಬುಧವಾರ ಮಧ್ಯಾಹ್ನ ಅವರ ಮುಂದೆ ಮುಖ ಸಣ್ಣದು ಮಾಡಿಕೊಂಡು ನಿಂತೆ. ಸಂಜೆಗೆ ಅವರ ರೈಲು. ಮ್ಯಾನೇಜರ್ ಆಗಲೇ ಹೇಳಿದ್ದರು: “ಇದು ಓಡ್ಲಿಲ್ಲ ಅಂದ್ರೆ ಅವರ ರಜೆ ಕ್ಯಾನ್ಸಲ್ ಕಣಮ್ಮ, ಸಾರಿ.”

“ನಾನೊಂದು ಸಲ ಮಾಡಿ ತೋರಿಸ್ತೀನಿ, ನೋಡ್ಕೋ,” ಎಂದು ಕೊಟ್ರೇಶ್ ಸರ್ ಅದೇ ಸರ್ವರ್‌ನಲ್ಲಿ ಶುರುಮಾಡಿದರು. ನಾನು ಪಕ್ಕದಲ್ಲಿ ಕೂತು ಒಂದೊಂದಕ್ಕೂ ಗುರುತು ಹಾಕುತ್ತಾ ಹೋದೆ. ಇಪ್ಪತ್ತೊಂದನೆಯದು, ಹಳೆಯದನ್ನು ನಿಲ್ಲಿಸುವುದು. ನಿಲ್ಲಿಸಿದರು. ಕನ್ನಡಕ ತೆಗೆದು ಜೇಬಿಗಿಟ್ಟು ಎದ್ದರು.

“ಬಾರಮ್ಮ, ಟೀ ಕುಡ್ದು ಬರಾಣ.”

“ಸರ್, ಕೆಲಸ ಅರ್ಧಕ್ಕೆ ಬಿಟ್ಟು?”

“ನಾನು ಯಾವಾಗ್ಲೂ ಇಲ್ಲೇ ಏಳ್ತೀನಿ.”

ಗೇಟಿನ ಹೊರಗಿನ ತಳ್ಳುಗಾಡಿಯಲ್ಲಿ ಶುಂಠಿ ಟೀ. ಲೋಟ ಚಿಕ್ಕದು, ಮಾತು ದೊಡ್ಡದು. ವಾಪಸ್ ಬರುವಷ್ಟರಲ್ಲಿ ಕಾಲು ಗಂಟೆಯಾಗಿತ್ತು. ಇಪ್ಪತ್ತೆರಡನೆಯದನ್ನು ಒತ್ತಿದರು. ಹೊಸದು ಮರುಮಾತಿಲ್ಲದೆ ಎದ್ದು ನಿಂತಿತು.

ಆಗ ಗೊತ್ತಾಯಿತು. ನಿಲ್ಲು ಎಂದ ಮಾತ್ರಕ್ಕೆ ಹಳೆಯದು ನಿಲ್ಲುತ್ತಿರಲಿಲ್ಲ. ಹಿಡಿದ ಕೆಲಸ ಮುಗಿಸಿ ಜಾಗ ಬಿಡಲು ಅದಕ್ಕೆ ಹತ್ತು ನಿಮಿಷವಾದರೂ ಬೇಕಿತ್ತು. ಜ್ವರದ ದಿನ ಮಾಡಿದವರೂ ನನ್ನ ಸ್ಕ್ರಿಪ್ಟೂ ಅಷ್ಟು ಹೊತ್ತು ಕಾಯದ ಆತುರಗಾರರು.

“ಸರ್, ನೋಟ್‌ಬುಕ್ಕಲ್ಲಿ ಟೀ ಬರ್ದೇ ಇಲ್ವಲ್ಲ!”

“ಟೀ ಕುಡಿಯಾದನ್ನ ಯಾರಾದ್ರೂ ಬರ್ಕೊಳ್ತಾರೇನಮ್ಮ?” ಎಂದು ನಕ್ಕರು. ನಗು ನಿಂತ ಮೇಲೆ ಮೆಲ್ಲಗೆ, “ಅಂದ್ರೆ ಎಂಟು ವರ್ಷ ಲಾರಿ ಓಡ್ಸಿದ್ದು ನನ್ ಕೈಗುಣ ಅಲ್ಲ, ಟೀ,” ಎಂದರು. ಸ್ಕ್ರಿಪ್ಟಿನಲ್ಲಿ ಹದಿನೈದು ನಿಮಿಷ ಕಾಯುವ ಒಂದು ಸಾಲು ಸೇರಿಸಿದೆ. ಇದಕ್ಕಿಂತ ಜಾಣ ದಾರಿಗಳಿವೆ ಎಂದು ಬಲ್ಲವರು ಗೊಣಗಬಹುದು. ಆದರೆ ರೈಲಿಗೆ ಹೊತ್ತಾಗುತ್ತಿತ್ತು. ಈ ಸಲ ಓಡಿತು. ಅವರು ಹೊರಟರು.

ಮರುದಿನ ಬಟನ್ ಒತ್ತಿ ಉಗುರು ಕಚ್ಚುತ್ತಾ ಕೂತೆ. ಲಾರಿಯವರ ಊಟ ಮುಗಿಯುವ ಮೊದಲೇ ಎಲ್ಲ ಮುಗಿದಿತ್ತು. ಅಷ್ಟರಲ್ಲಿ ಹರಿಹರದಿಂದ ಕೊಟ್ರೇಶ್ ಸರ್ ಫೋನು. ಹಿಂದೆ ಹೆಂಗಸರ ಸೋಬಾನೆ.

“ಹೋತೇನಮ್ಮ?”

“ಹೋಯ್ತು ಸರ್.”

“ಒಂದೇ ಸಲಕ್ಕೆ?”

“ಒಂದೇ ಸಲಕ್ಕೆ ಸರ್.”

ಬಳಿಕ ಮಗಳು ಫೋನು ತೆಗೆದುಕೊಂಡಳು. “ಅಕ್ಕಾ, ಅಪ್ಪ ಅಳ್ತಿದಾರಲ್ರೀ. ಏನಾತು?”

“ಏನಿಲ್ಲಮ್ಮ, ಕೆಲಸ ಸರಿಯಾಗಿ ಆಯ್ತು ಅಂದೆ, ಅಷ್ಟೇ.” ಸಂತೋಷಕ್ಕೆ ಅಳುತ್ತಿದ್ದಾರೆ ಎಂದುಕೊಂಡೆ.

ಈಗ ನನಗೂ ಬಡ್ತಿಯಾಗಿದೆ. “ನೀವಿಲ್ದೆ ಆಗಲ್ಲ ಮೇಡಂ” ಎನ್ನುವವರಿದ್ದಾರೆ. ಕೇಳಲು ಹಿತವಾಗಿಯೇ ಇರುತ್ತದೆ, ಸುಳ್ಳೇಕೆ ಹೇಳಲಿ. ಆ ಹಿತಕ್ಕೇ ಎರಡು ವರ್ಷದಿಂದ ನೆಟ್ಟಗೆ ರಜೆ ಹಾಕಿರಲಿಲ್ಲ. ಕಳೆದ ವಾರ ಇದೆಲ್ಲ ನೆನಪಾದದ್ದೇ ತಡ, ನಾನೊಬ್ಬಳೇ ಮಾಡುವ ಕೆಲಸಗಳನ್ನೆಲ್ಲ ಯಾರು ಬೇಕಾದರೂ ಮಾಡುವಂತೆ ಬರೆದು ಟೀಮಿಗೆ ಕಳಿಸಿ, ರಜೆ ಹಾಕಿದೆ. ಇವತ್ತು ರಜೆಯ ಮೂರನೆಯ ದಿನ. ಬೆಳಗ್ಗೆಯಿಂದ ಫೋನು ಎದುರಿಗಿಟ್ಟುಕೊಂಡು ಕೂತಿದ್ದೇನೆ. ಆಫೀಸಿನಿಂದ ಒಂದೇ ಒಂದು ಕರೆ ಬಂದಿಲ್ಲ. ಕೊಟ್ರೇಶ್ ಸರ್ ಅಂದು ಅತ್ತದ್ದು ಬರೀ ಸಂತೋಷಕ್ಕಲ್ಲ ಎಂದು ಈಗ ಗೊತ್ತಾಗುತ್ತಿದೆ.