ಮೂವರು ಅಣ್ಣಂದಿರು, ಮೂವರು ಅಪ್ಪಂದಿರು

ಕ್ಷೌರದಂಗಡಿಯವನು ಏಡ್ಸ್ ವಾರ್ಡಿನ ಬಾಗಿಲಲ್ಲಿ ಬಿಸಿನೀರಿನ ಮಗ್ ಹಿಡಿದು ನಿಂತೇಬಿಟ್ಟ. ಕಿಟಕಿ ಪಕ್ಕದ ಮಂಚದ ಹಾಸಿಗೆ ಸುರುಳಿ ಸುತ್ತಿತ್ತು. ನಿನ್ನೆ ಸಂಜೆ ಅದೇ ಮಂಚದಿಂದ ದರ್ಜಿ, "ನಾಳೆ ಮೀಸೆ ಮುಟ್ಟಿದ್ರೆ ನೋಡು, ನಿನ್ನ ಕೈ ಕತ್ತರಿಸ್ತೀನಿ" ಎಂದು ರೇಗಿಸಿದ್ದ.

ಆಸ್ಪತ್ರೆಯ ಕ್ಷೌರಿಕ ಈ ವಾರ್ಡಿಗೆ ಕಾಲಿಡುತ್ತಿರಲಿಲ್ಲ. ಆಯಾ ಊಟದ ತಟ್ಟೆಯನ್ನು ಹೊಸ್ತಿಲಾಚೆ ಇಟ್ಟು ಹೋಗುತ್ತಿದ್ದಳು. ಒಳಗಿದ್ದವರು ಗಂಡಸರನ್ನು ಪ್ರೀತಿಸಿದ ಗಂಡಸರು. ಮನೆಯವರು ಅತ್ತ ತಲೆ ಹಾಕುತ್ತಿರಲಿಲ್ಲ. ಕ್ಷೌರದಂಗಡಿಯವನೂ ಸೇರಿ ಅಂಥವರೇ ಏಳು ಮಂದಿ ಅವನ ಅಂಗಡಿಯ ಮಾಳಿಗೆಯಲ್ಲಿ ಸಂಘ ಕಟ್ಟಿಕೊಂಡು, ಸರದಿಯ ಮೇಲೆ ಬಂದು ತುತ್ತು ತಿನ್ನಿಸುತ್ತಿದ್ದರು. ಹತ್ತಿರದ ನೆಂಟರಿಗಷ್ಟೇ ಪ್ರವೇಶವಿದ್ದುದರಿಂದ ಭೇಟಿಯ ಪುಸ್ತಕದಲ್ಲಿ 'ಅಣ್ಣ' ಎಂದು ಬರೆದು ಸಹಿ ಹಾಕುತ್ತಿದ್ದರು.

"ಬೆಳಗಿನ ಜಾವ ಹೋದ," ಎಂದ ಗುಮಾಸ್ತ. "ವಾರಸುದಾರರಿಲ್ಲ ಅಂತ ಚೀಟಿ ಕಟ್ಟಾಯ್ತು. ನಾಲ್ಕಕ್ಕೆ ಗಾಡಿ ಬಂದು ಒಯ್ಯುತ್ತೆ."

"ಇಲ್ಲ ಅಂದ್ರೆ? ನಾನು ಅಣ್ಣ ಅಲ್ವೇನ್ರೀ!"

ಗುಮಾಸ್ತ ಪುಸ್ತಕ ತಿರುಗಿಸಿ 'ತಂದೆಯ ಹೆಸರು' ಎಂಬಲ್ಲಿ ಬೆರಳಿಟ್ಟ. "ಮೂವರು ಅಣ್ಣಂದಿರು, ಮೂವರು ಅಪ್ಪಂದಿರು. ನಿಮ್ಮಮ್ಮನ್ನ ಏನನ್ನಲಿ ಸ್ವಾಮಿ?"

ಸಂಘದಲ್ಲಿ ಕೈಗವಸಿನಿಂದ ಹಿಡಿದು ಗುಳಿಗೆಯವರೆಗೆ ಎಲ್ಲ ಮಾತಾಡಿಕೊಂಡಿದ್ದರು. ಇದೊಂದು ಯಾರ ತಲೆಗೂ ಹೊಳೆದಿರಲಿಲ್ಲ. ಪ್ರತಿಯೊಬ್ಬನೂ ರೂಢಿಯಂತೆ ತನ್ನಪ್ಪನ ಹೆಸರನ್ನೇ ಗೀಚಿದ್ದ.

"ಒಡಹುಟ್ಟಿದವರಿದ್ರೆ ಕರೆಸಿ. ಗುರುತಿನ ಚೀಟಿ ಬೇಕು."

ದರ್ಜಿಗೊಬ್ಬ ಅಕ್ಕ ಇದ್ದಳು, ಶಾಲೆಯ ಟೀಚರ್. ಅವಳ ನಂಬರು ಕೊಟ್ಟಿದ್ದ ದರ್ಜಿಯೇ, "ನನ್ನ ಪ್ರಾಣ ಹೋದ್ರೂ ಅವಳಿಗೆ ಫೋನ್ ಮಾಡ್ಬೇಡ" ಎಂದಿದ್ದ. ಕ್ಷೌರದಂಗಡಿಯವನು ಬೂತಿನಿಂದ ಮಾಡಿದ. ಸುದ್ದಿ ಕೇಳುತ್ತಲೇ ಅವಳು ಫೋನಿಟ್ಟಳು. ಮುಗಿಯಿತು ಎಂದುಕೊಂಡು ಅವನು ಶವಾಗಾರದ ಮೆಟ್ಟಿಲ ಮೇಲೆ ಕೂತ.

ಮೂರೂಕಾಲಿಗೆ ಆಕೆ ಬಂದಳು. ಬೆರಳಲ್ಲಿನ್ನೂ ಸೀಮೆಸುಣ್ಣದ ಪುಡಿಯಿತ್ತು. ಗುಮಾಸ್ತ ತೋರಿಸಿದ ಕಡೆಯೆಲ್ಲ ಸಹಿ ಹಾಕಿ, ಪುಸ್ತಕದ 'ಅಣ್ಣ' ಎಂಬ ಸಾಲುಗಳನ್ನು ಓದಿ ಇವನತ್ತ ತಿರುಗಿದಳು.

"ಮುಖ ನೋಡಿದ್ರಾ?"

"ಬಿಡ್ಲಿಲ್ಲ ಅಕ್ಕ."

"ಅಣ್ಣ ಅಂತ ಬರೆದವರು ನೀವೇ ಅಲ್ವಾ? ಮತ್ತೆ ಹೊರಗ್ಯಾಕೆ ನಿಂತಿದೀರಿ? ಬನ್ನಿ."

ತಮ್ಮನನ್ನು ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಹಗ್ಗ ಹಾಕಿ ಬಿಗಿದಿದ್ದನ್ನು ಕಂಡು ಆಕೆ, "ಬಿಚ್ಚಿ" ಎಂದಳು. ಗಂಟು ಬಿಚ್ಚಲು ಸಿಬ್ಬಂದಿ ಒಪ್ಪಲಿಲ್ಲ. ಕ್ಷೌರದಂಗಡಿಯವನೇ ಬಿಚ್ಚಿದ. ಮಗ್ಗಿನ ನೀರು ತಣ್ಣಗಾಗಿತ್ತು. ಅದರಲ್ಲೇ ಕೆನ್ನೆ ಬೋಳಿಸಿದ, ಮೀಸೆ ಮುಟ್ಟಲಿಲ್ಲ.

ಮರುದಿನ ಅಂಗಡಿಯ ಕನ್ನಡಿಯ ಮೂಲೆಯಲ್ಲಿ ಒಂದು ಚೀಟಿ ಅಂಟಿಸಿತ್ತು. ವಾರ್ಡಿನಲ್ಲಿ ಉಳಿದ ಆರು ಮಂದಿ ರೋಗಿಗಳ ಅಪ್ಪಂದಿರ ಹೆಸರು ಅದರಲ್ಲಿತ್ತು.